ಊಟಕ್ಕೆ ಮುಂಚೆ ಒಂದು ಭಾಷಣ

ನಮ್ಮ ಇಂಜಿನಿಯರುಗಳ ಕ್ಲಬ್ಬಿನಲ್ಲಿ ಎಡವಟ್ಟಾಗದ ತಿಂಗಳು ಯಾವುದಾದರೂ ಇದ್ದರೆ, ಆ ತಿಂಗಳು ಸಭೆಯೇ ನಡೆದಿಲ್ಲ ಎಂದು ತಿಳಿಯಬೇಕು.

ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಊರಿನವರು ಸೇರಿ ನಡೆಸುವ ಕ್ಲಬ್ಬು ಇದು. ತಿಂಗಳಿಗೊಂದು ಮಧ್ಯಾಹ್ನದ ಸಭೆ, ಸರದಿಯ ಮೇಲೆ ಒಂದೊಂದು ಊರಿನಲ್ಲಿ. ಮೊದಲು ಹೊರಗಿನಿಂದ ಬಂದ ಅತಿಥಿಯ ಭಾಷಣ, ಆಮೇಲೆ ಊಟ. ಆಹ್ವಾನ ಪತ್ರಿಕೆಯಲ್ಲಿ ಹೀಗೇ ಇರುತ್ತದೆ. ಸದಸ್ಯರಲ್ಲಿ ನಿವೃತ್ತ ಇಂಜಿನಿಯರುಗಳಿದ್ದಾರೆ, ಕಟ್ಟಡದ ಗುತ್ತಿಗೆದಾರರಿದ್ದಾರೆ, ಒಂದಿಬ್ಬರು ಪಾಲಿಟೆಕ್ನಿಕ್ ಮೇಷ್ಟ್ರುಗಳಿದ್ದಾರೆ. ಎಲ್ಲರಿಗೂ ಎಲ್ಲಾದರೂ ಒಂದು ತೋಟವಿದೆ, ತೋಟದಲ್ಲಿ ಒಂದು ಬೋರಿದೆ.

ನಾನು ಇಂಜಿನಿಯರ್ ಅಲ್ಲ. ಬಿ.ಎಸ್ಸಿ., ಭೌತಶಾಸ್ತ್ರ. ಕಡೂರಿನ ಒಂದು ಲ್ಯಾಬಿನಲ್ಲಿ ಕೆಲಸ. ಕಟ್ಟಡ ಕಟ್ಟುವವರು ಕಾಂಕ್ರೀಟಿನ ಕ್ಯೂಬುಗಳನ್ನು ತಂದುಕೊಡುತ್ತಾರೆ. ಅವನ್ನು ಮಷೀನಿಗಿಟ್ಟು, ಎಷ್ಟು ಭಾರಕ್ಕೆ ಒಡೆಯುತ್ತವೆ ಎಂದು ನೋಡಿ ಬರೆದುಕೊಡುತ್ತೇನೆ. ಕ್ಯೂಬುಗಳು ಮಾತಾಡುವುದಿಲ್ಲ. ತಿಂಗಳಿಗೊಮ್ಮೆಯಾದರೂ ತಿಳಿದವರೊಬ್ಬರು ಒಂದು ವಿಷಯವನ್ನು ಮೊದಲಿಂದ ಕೊನೆಯವರೆಗೆ ಹೇಳುವುದನ್ನು ಕೇಳೋಣ ಎಂದು ಈ ಕ್ಲಬ್ಬಿಗೆ ಹೋದೆ. ಅಧ್ಯಕ್ಷರು ನೀರಾವರಿ ಇಲಾಖೆಯಿಂದ ನಿವೃತ್ತರಾದವರು. “ಇಂಜಿನಿಯರ್ ಅಲ್ದಿದ್ರೆ ಏನಾಯ್ತು ಕಣಯ್ಯ, ಫೋನ್ ಮಾಡಿದ್ರೆ ಎತ್ತುತೀಯಲ್ಲ, ಅಷ್ಟು ಸಾಕು” ಎಂದು ಅವತ್ತೇ ನನ್ನನ್ನು ಕಾರ್ಯದರ್ಶಿ ಮಾಡಿಬಿಟ್ಟರು. ಅತಿಥಿಗಳನ್ನು ಹುಡುಕುವುದು, ಕರೆತರುವುದು, ಬಸ್ಸು ಹತ್ತಿಸುವಾಗ ಕ್ಷಮೆ ಕೇಳುವುದು ಎಲ್ಲ ಅಂದಿನಿಂದ ನನ್ನ ಪಾಲಿಗೆ ಬಂತು.

ಹೋದ ವರ್ಷದ ವಾರ್ಷಿಕ ಸಭೆಯಲ್ಲಿ ಖಜಾಂಚಿಗಳು ಎದ್ದು ನಿಂತರು. ಅವರು ತರೀಕೆರೆಯ ಗುತ್ತಿಗೆದಾರರು, ದೊಡ್ಡ ದನಿ. “ಈ ಭಾಷಣ ಯಾಕ್ರೀ ಬೇಕು? ಒಬ್ರೂ ಕೇಳಲ್ಲ. ಅತ್ಲಾಗೆ ಊಟ ಆರ್ತದೆ. ಊಟ ಇರ್ಲಿ, ಭಾಷಣ ತೆಗೀರಿ” ಎಂದರು. ಚಪ್ಪಾಳೆ ಬಿತ್ತು. ಯಾವ ಭಾಷಣಕ್ಕೂ ಅಷ್ಟು ಚಪ್ಪಾಳೆ ಬಿದ್ದದ್ದನ್ನು ನಾನು ಕಂಡಿಲ್ಲ.

ನಾನು ಗೋಗರೆದೆ. ಅಧ್ಯಕ್ಷರು ತೀರ್ಪು ಕೊಟ್ಟರು. “ಒಂದು ವರ್ಷ ನೋಡಾಣ. ಅಷ್ಟ್ರೊಳಗೆ ಒಂದೇ ಒಂದು ಭಾಷಣ ಪೂರ್ತಿ ನಡೀಬೇಕು. ಮೆಂಬರುಗಳು ಕೂತು ಕೇಳ್ಬೇಕು. ಒಬ್ಬನಾದ್ರೂ ಪ್ರಶ್ನೆ ಕೇಳ್ಬೇಕು. ಆದ್ರೆ ಸರಿ, ಇಲ್ದಿದ್ರೆ ಮುಂದಿನ ವಾರ್ಷಿಕ ಸಭೇಲಿ ಕೈ ಎತ್ಸಿ ತೆಗೆದುಬಿಡಾಣ.”

ಒಂದೇ ಒಂದು ಭಾಷಣ. ಸುಲಭ ಅಂದುಕೊಂಡೆ.

ಕೊನೆಯದಾಗಿ

ಮೊದಲ ಸಭೆ ಕಡೂರಿನಲ್ಲಿ. ಅತಿಥಿ, ರೈಲ್ವೆಯಲ್ಲಿ ಸೇತುವೆ ಕಟ್ಟಿಸಿ ನಿವೃತ್ತರಾದ ಹಿರಿಯರು. ಕಲ್ಲಿನ ಹಳೆಯ ಸೇತುವೆಗಳ ಬಗ್ಗೆ ಮಾತು. ಅವರನ್ನು ಒಪ್ಪಿಸಲು ನಾನು ಬೀರೂರಿನ ಅವರ ಮನೆಗೆ ಅಲೆದದ್ದು ನನಗೇ ಗೊತ್ತು.

ನಮ್ಮ ಅಡುಗೆ ಮಾಡುವವರನ್ನು ಎಲ್ಲರೂ ಅಯ್ನೋರು ಅಂತಾರೆ. ಮೂರೂ ಊರಿಗೂ ಅವರೇ ಬರುತ್ತಾರೆ. ಅವರದೊಂದು ಪದ್ಧತಿ. ಭಾಷಣದ ವಿಷಯ ಅವರಿಗೆ ಬೇಡ. ಬಾಗಿಲ ಹಿಂದೆ ನಿಂತು ಒಂದು ಮಾತಿಗೆ ಕಾಯುತ್ತಾರೆ. ‘ಕೊನೆಯದಾಗಿ’ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಎಲೆ ಹಾಕಿಸುತ್ತಾರೆ. ವಂದನಾರ್ಪಣೆ ಮುಗಿಯುವ ಹೊತ್ತಿಗೆ ಉಪ್ಪು, ಕೋಸಂಬರಿ, ಪಲ್ಯ ಬಡಿಸಿ ಆಗಿರಬೇಕು. ಈ ವಿಷಯ ನನಗೆ ಯಾರೂ ಹೇಳಿರಲಿಲ್ಲ.

ಹಿರಿಯರು ಮೈಕಿನ ಮುಂದೆ ನಿಂತರು. “ಸ್ನೇಹಿತರೇ, ಸೇತುವೆ ಅಂದರೆ ಏನೇನು? ಮೇಲೆ ದಾರಿ. ಅದರ ಕೆಳಗೆ ಕಮಾನು. ಕಮಾನನ್ನು ಹೊರುವ ಕಂಬ. ಕೊನೆಯದಾಗಿ, ಬುನಾದಿ. ಈಗ ಇವನ್ನು ಒಂದೊಂದಾಗಿ ನೋಡೋಣ” ಎಂದರು.

ನೋಡುವಷ್ಟರಲ್ಲಿ ಎಲೆ ಬಂತು. ಸದಸ್ಯರು ಕುರ್ಚಿಗಳನ್ನು ಟೇಬಲ್ಲಿನ ಕಡೆ ತಿರುಗಿಸಿಕೊಂಡರು. ನೀರು ಚಿಮುಕಿಸಿದರು. ಹೋಳಿಗೆ ಬಂತು. ಅತಿಥಿಗಳು ಕಮಾನಿನ ಹತ್ತಿರ ಬರುವಾಗ ಅವರ ಮುಂದೆ ಬೆನ್ನುಗಳು ಮಾತ್ರ ಇದ್ದವು.

ನಾನು ಓಡಿಹೋಗಿ ಅಯ್ನೋರನ್ನು ಹಿಡಿದೆ. “ಅಯ್ನೋರೇ, ಅವರು ಇನ್ನೂ ಶುರುನೇ ಮಾಡಿಲ್ಲ!”

“ಕೊನೇದಾಗಿ ಅಂದ್ರಲ್ಲಪ್ಪಾ.”

“ಅದು ಸೇತುವೆಯ ಕೊನೆ. ಭಾಷಣದ್ದಲ್ಲ. ದಯವಿಟ್ಟು ಎಲೆ ತೆಗೀರಿ.”

ಅಯ್ನೋರು ಸೌಟನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದರು. “ಅನ್ನ ಬಸಿದಾಯ್ತು ಕಣಪ್ಪಾ. ಅದನ್ನ ವಾಪಸ್ ಅಕ್ಕಿ ಮಾಡಕ್ಕಾಗಲ್ಲ.”

ಪೇಪರಿನಲ್ಲಿ ಬಂದಿತ್ತು

ತರೀಕೆರೆಯ ಸಭೆಗೆ ಒಬ್ಬ ದೊಡ್ಡ ಅಧಿಕಾರಿಯನ್ನು ಕರೆದೆವು. ರಸ್ತೆ ಸುರಕ್ಷತೆಯ ಬಗ್ಗೆ ಮಾತು. ಈ ಸಲ ನಾನು ಎಚ್ಚರವಾಗಿದ್ದೆ. ‘ಕೊನೆಯದಾಗಿ’ ಎಂಬ ಮಾತು ಬಳಸಬೇಡಿ ಎಂದು ಮೊದಲೇ ವಿನಂತಿಸಿಕೊಂಡಿದ್ದೆ. ಅವರು ನನ್ನನ್ನು ವಿಚಿತ್ರವಾಗಿ ನೋಡಿ ಒಪ್ಪಿದ್ದರು.

ನಮ್ಮಲ್ಲಿ ಸನ್ಮಾನ ಮೊದಲು, ಭಾಷಣ ಆಮೇಲೆ. ಯಾಕೆ ಹೀಗೆ ಎಂದು ಅಧ್ಯಕ್ಷರನ್ನು ಕೇಳಿದ್ದೆ. “ಭಾಷಣ ಆದ್ಮೇಲೆ ಸನ್ಮಾನ ಮಾಡಿದ್ರೆ ಭಾಷಣ ಚೆನ್ನಾಗಿತ್ತು ಅಂತ ಒಪ್ಕೊಂಡಂಗಾಗುತ್ತೆ. ಮೊದ್ಲೇ ಮಾಡಿದ್ರೆ ಯಾರಿಗೂ ಮುಜುಗರ ಇಲ್ಲ” ಎಂದಿದ್ದರು.

ಪ್ರಾರ್ಥನೆ ಆಯಿತು. ಸ್ವಾಗತ ಆಯಿತು. ಪ್ರಾಸ್ತಾವಿಕ ಆಯಿತು. ಸ್ವಾಗತಿಸಿದವರಿಗೇ ಸ್ವಾಗತ ಆಯಿತು. ಆಮೇಲೆ ಅತಿಥಿಗೆ ಶಾಲು ಹೊದಿಸಿದರು, ಹಾರ ಹಾಕಿದರು, ಮೈಸೂರು ಪೇಟ ಇಟ್ಟರು, ಕೈಗೆ ಹಣ್ಣಿನ ಬುಟ್ಟಿ ಕೊಟ್ಟರು. ಎಲ್ಲರೂ ಸುತ್ತ ನಿಂತು ಫೋಟೋ ತೆಗೆಸಿಕೊಂಡರು.

ಫೋಟೋ ಆದ ಮೇಲೆ ಅಧಿಕಾರಿಗಳು ಬುಟ್ಟಿಯ ಸಮೇತ ಎಲ್ಲರಿಗೂ ಕೈ ಮುಗಿದರು. ವೇದಿಕೆ ಇಳಿದರು. ಜೀಪು ಹತ್ತಿದರು.

ತಪ್ಪು ಅವರದಲ್ಲ. ದಿನಕ್ಕೆ ಎಷ್ಟೋ ಇಂಥ ಕಾರ್ಯಕ್ರಮ ಅವರಿಗೆ. ಬುಟ್ಟಿ ಕೈಗೆ ಬಂದ ಮೇಲೆ ಜೀಪು ಹತ್ತುವುದು ಎಂದು ಅವರ ಕಾಲಿಗೇ ಅಭ್ಯಾಸವಾಗಿದೆ. ನಾನು ಹಿಂದೆ ಓಡಿದೆ. ಚಾಲಕ ಗಾಜು ಇಳಿಸಿ, “ಸಾಹೇಬ್ರಿಗೆ ಇನ್ನೊಂದ್ ಪ್ರೋಗ್ರಾಂ ಐತೆ, ಲೇಟಾಯ್ತು” ಎಂದ. ಪಕ್ಕದಲ್ಲಿ ಸಾಹೇಬರು ಕೂತಿದ್ದರು, ತಲೆಯ ಮೇಲೆ ಪೇಟ ಹಾಗೇ ಇತ್ತು. ನನಗೆ ಇನ್ನೊಮ್ಮೆ ನಮಸ್ಕಾರ ಮಾಡಿದರು.

ಮರುದಿನ ಪೇಪರಿನಲ್ಲಿ ಸುದ್ದಿ. ‘ರಸ್ತೆ ಸುರಕ್ಷತೆ ಎಲ್ಲರ ಹೊಣೆ: ಅಧಿಕಾರಿ ಕರೆ.’ ಕೆಳಗೆ ವಿದ್ವತ್ಪೂರ್ಣ ಭಾಷಣದ ಸಾರಾಂಶ. ಅಧ್ಯಕ್ಷರು ಸುದ್ದಿಯನ್ನು ಹಿಂದಿನ ದಿನವೇ ಬರೆದು ಕಳಿಸಿದ್ದರು, ಮರೆತುಹೋಗದಿರಲಿ ಅಂತ.

ನಾನು ಪೇಪರ್ ಹಿಡಿದುಕೊಂಡು ಬಸ್‌ಸ್ಟ್ಯಾಂಡಿನ ಟೀ ಅಂಗಡಿಗೆ ಹೋದೆ. ಅಲ್ಲಿ ನಮ್ಮ ಇಬ್ಬರು ಸದಸ್ಯರಿದ್ದರು. ಇಬ್ಬರೂ ನಿನ್ನೆ ಮುಂದಿನ ಸಾಲಿನಲ್ಲಿ ಕೂತಿದ್ದವರು. “ನೋಡಿ ಸಾರ್, ಅವರು ಒಂದು ಮಾತೂ ಆಡಲಿಲ್ಲ, ಇಲ್ಲಿ ಅರ್ಧ ಕಾಲಂ ಬಂದಿದೆ” ಎಂದೆ.

ಒಬ್ಬರು ಕನ್ನಡಕ ಏರಿಸಿ ಪೂರ್ತಿ ಓದಿದರು. ಇನ್ನೊಬ್ಬರಿಗೆ ಕೊಟ್ಟರು. ಅವರೂ ಓದಿದರು. ಆಮೇಲೆ ಮೊದಲನೆಯವರು ನನ್ನ ಭುಜ ತಟ್ಟಿ ಸಮಾಧಾನ ಹೇಳಿದರು.

“ಪೇಪರ್ನಲ್ಲೇ ಬಂದೈತೆ ಅಂದ್ಮೇಲೆ ಮಾತಾಡಿರ್ತಾರೆ ಕಣಯ್ಯ. ನಾವೇ ಗಮನ ಕೊಟ್ಟಿಲ್ಲ.”

ಸೆಟ್ಲ್‌ಮೆಂಟ್

ಅಜ್ಜಂಪುರದ ಕಡೆ ಎರೆಭೂಮಿ ಇದೆ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಅದರ ಮೇಲೆ ಕಟ್ಟಿದ ಮನೆ ನಿಧಾನವಾಗಿ ಕೆಳಗೆ ಕೂರುತ್ತದೆ. ಹೀಗೆ ಕೂರುವುದಕ್ಕೆ ಇಂಜಿನಿಯರುಗಳು ಸೆಟ್ಲ್‌ಮೆಂಟ್ ಅಂತಾರೆ. ಈ ವಿಷಯ ಬಲ್ಲ ಪ್ರೊಫೆಸರೊಬ್ಬರು ಬರಲು ಒಪ್ಪಿದರು. ಮೆದು ಮಾತಿನ ಮನುಷ್ಯ. ನಾನು ಆಹ್ವಾನ ಪತ್ರಿಕೆ ಮಾಡಿಸಿದೆ: ‘ಸೆಟ್ಲ್‌ಮೆಂಟ್: ಸಮಸ್ಯೆ ಮತ್ತು ಪರಿಹಾರ. ಎಲ್ಲರಿಗೂ ಆದರದ ಸ್ವಾಗತ.’ ಯಾರೋ ಉತ್ಸಾಹಿ ಸದಸ್ಯರು ಅದರ ಪ್ರತಿಗಳನ್ನು ಸಂತೆಯಲ್ಲಿ ಹಂಚಿದರು.

ಸಭೆಯ ದಿನ ಹಾಲ್ ತುಂಬಿತು. ಬಾಗಿಲ ಆಚೆಗೂ ಜನ. ನಾನೇ ಓಡಿ ಇನ್ನಷ್ಟು ಕುರ್ಚಿ ತರಿಸಿದೆ. ಎಲ್ಲರ ಕೈಯಲ್ಲೂ ಒಂದೊಂದು ಪ್ಲಾಸ್ಟಿಕ್ ಕವರು ಇತ್ತು. ಏನೆಂದು ನಾನು ಕೇಳಲಿಲ್ಲ. ಕೇಳಬೇಕಿತ್ತು.

ಪ್ರೊಫೆಸರು ಶುರು ಮಾಡಿದರು. “ಸೆಟ್ಲ್‌ಮೆಂಟಿನಲ್ಲಿ ಎರಡು ಥರ. ಒಂದು, ಎಲ್ಲ ಕಡೆ ಸಮಾನವಾಗಿ ಆಗೋದು. ಅದರಿಂದ ಅಂಥ ತೊಂದರೆ ಇಲ್ಲ. ಇನ್ನೊಂದು, ಒಂದು ಕಡೆ ಹೆಚ್ಚು, ಒಂದು ಕಡೆ ಕಮ್ಮಿ. ಹಾಗಾದಾಗಲೇ ಮನೆ ಒಡೆಯೋದು.”

ಮುಂದಿನ ಸಾಲಿನಲ್ಲಿದ್ದ ಪೇಟದ ಯಜಮಾನರೊಬ್ಬರು ನಿಟ್ಟುಸಿರು ಬಿಟ್ಟು ಎದ್ದರು. “ನಿಜ ಸ್ವಾಮಿ. ನಮ್ಮನೇಲೂ ಅಂಗೇ ಆಯ್ತು. ಅಣ್ಣಂಗೆ ನೀರಾವರಿ ಹೋಯ್ತು, ನಂಗೆ ಕಲ್ಲುಗುಡ್ಡೆ ಬಂತು.”

ಪ್ರೊಫೆಸರಿಗೆ ಅರ್ಥವಾಗಲಿಲ್ಲ. ಆದರೂ ಸಂತೋಷಪಟ್ಟರು. “ಒಳ್ಳೆಯ ಉದಾಹರಣೆ. ಕಲ್ಲಿನ ಮೇಲೆ ಇರೋರಿಗೆ ಚಿಂತೆ ಇಲ್ಲ. ನೀರು ಇರೋ ಕಡೆಯೇ ಸಮಸ್ಯೆ.”

“ಯಾವ ನ್ಯಾಯ ಸ್ವಾಮಿ ಇದು?” ಎಂದು ಯಜಮಾನರು ಗುಡುಗಿದರು.

ಹಿಂದಿನ ಸಾಲಿನಿಂದ ಇನ್ನೊಬ್ಬರು ಎದ್ದರು. ಅವರೇ ಅಣ್ಣ. “ಪ್ರೊಫೆಸರ್ ಸಾಹೇಬ್ರೇ ಹೇಳ್ತಾವ್ರಲ್ಲೋ, ಕಲ್ಲಲ್ಲಿರೋನೇ ಚೆನ್ನಾಗವ್ನೆ ಅಂತ!”

ಅಷ್ಟು ಹೊತ್ತಿಗೆ ಕವರುಗಳು ಬಿಚ್ಚಿಕೊಂಡವು. ಪಹಣಿ, ಖಾತೆ, ಪಾಲುಪಟ್ಟಿ ಎಲ್ಲ ಹೊರಗೆ ಬಂದವು. ಎಲ್ಲರೂ ಬಂದದ್ದು ಆಸ್ತಿ ಪಾಲಿನ ಸೆಟ್ಲ್‌ಮೆಂಟಿಗೆ. ಜನ ಪ್ರೊಫೆಸರನ್ನು ಸುತ್ತುವರಿದರು. ಅವರು ಕುರ್ಚಿಯ ಮೇಲೆ ಕೂತು, ಕೈಗೆ ಬಂದ ಒಂದೊಂದೇ ಪಹಣಿ ನೋಡಿ, “ಇಲ್ಲಿ ಕಪ್ಪು ಮಣ್ಣು ಅಂತ ಇದೆ. ಪಾಯ ಆಳವಾಗಿ ತೆಗೀರಿ” ಎಂದು ಎಲ್ಲರಿಗೂ ಒಂದೇ ಸಲಹೆ ಕೊಟ್ಟರು. ಸಾಯಂಕಾಲದವರೆಗೆ ಕೊಟ್ಟರು. ಅಣ್ಣ ತಮ್ಮ ಮಾತ್ರ ಅಂಗಳದಲ್ಲಿ ಜಗಳ ಮುಂದುವರಿಸಿದ್ದರು.

ನಾನು ಅಧ್ಯಕ್ಷರ ಬಳಿ ಓಡಿದೆ. “ಸಾರ್, ಜನ ಕೇಳಿದ್ರು. ಪ್ರಶ್ನೆ ಕೇಳಿದ್ರು. ಯಾರೂ ಎದ್ದು ಹೋಗಲಿಲ್ಲ. ಇದನ್ನ ಭಾಷಣ ಅಂತ ಲೆಕ್ಕಕ್ಕೆ ತಗೊಳ್ಳಿ.”

ಪಕ್ಕದಲ್ಲಿ ಖಜಾಂಚಿಗಳು ಎಲೆಅಡಿಕೆ ಮಡಚುತ್ತಿದ್ದರು. “ಅವ್ರಲ್ಲಿ ಒಬ್ರೂ ಮೆಂಬರ್ ಅಲ್ಲ ಕಣಯ್ಯ” ಎಂದರು. “ಮೆಂಬರುಗಳೆಲ್ಲ ಆವಾಗ್ಲೇ ಒಳಗೆ ಊಟಕ್ಕೆ ಕೂತಿದ್ವಿ. ಜನ ಅಡ್ಡ ಇಲ್ದೆ ಅಚ್ಚುಕಟ್ಟಾಗಿ ಆಯ್ತು.”

ತ್ರೀ ಫೇಸ್

ಮತ್ತೆ ಕಡೂರು. ಅಂತರ್ಜಲದ ಬಗ್ಗೆ ಮಾತಾಡಲು ಚಿಕ್ಕಮಗಳೂರಿನಿಂದ ಒಬ್ಬ ತಜ್ಞರು ಬಂದರು. ಒಳ್ಳೆಯ ಮಾತುಗಾರರು. ಜನರೂ ಕೂತಿದ್ದರು. ಅಯ್ನೋರಿಗೆ ನಾನು ಕೈಸನ್ನೆ ಮಾಡುವವರೆಗೂ ಏನು ಕೇಳಿಸಿದರೂ ಹೊರಗೆ ಬರಬೇಡಿ ಎಂದು ಹೇಳಿದ್ದೆ. ಸನ್ಮಾನವನ್ನು ಭಾಷಣದ ಆಚೆಗೆ ತಳ್ಳಿದ್ದೆ. ವಿಷಯದಲ್ಲಿ ಎರಡರ್ಥ ಇರಲಿಲ್ಲ. ಎಲ್ಲ ದಾರಿಗಳನ್ನೂ ಮುಚ್ಚಿದ್ದೇನೆ ಅಂದುಕೊಂಡಿದ್ದೆ.

“ಭೂಮಿ ಒಳಗಿನ ನೀರನ್ನು ನಾವು ಮಾಡಿದ್ದಲ್ಲ” ಎಂದರು ತಜ್ಞರು. “ಒಂದೊಂದು ಹನಿ ಎತ್ತುವಾಗಲೂ ಯೋಚನೆ ಮಾಡಬೇಕು. ಇದು ನನಗೆ ಬೇಕೇ, ಈಗಲೇ ಬೇಕೇ?”

ಆಗ ಒಬ್ಬ ಸದಸ್ಯರ ಫೋನು ಹೊಡೆದುಕೊಂಡಿತು. ಯಗಟಿಯಲ್ಲಿರುವ ಅವರ ತಮ್ಮ. ಫೋನಿನ ದನಿ ಇಡೀ ಹಾಲಿಗೆ ಕೇಳಿಸಿತು. “ಅಣ್ಣಾ, ತ್ರೀ ಫೇಸ್ ಬಂತು!”

ನಮ್ಮ ಕಡೆ ಬೋರಿನ ಮೋಟರು ಓಡುವುದು ತ್ರೀ ಫೇಸ್ ಕರೆಂಟಿನಲ್ಲಿ. ಅದು ಯಾವಾಗ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ ಎಂದು ಯಾರೂ ಹೇಳಲಾರರು. ಬಂದಾಗ ಹಿಡಿದುಕೊಳ್ಳಬೇಕು. ಈಗ ಮೊಬೈಲಿನಿಂದಲೇ ಮೋಟರು ಹಾಕುವ ಸ್ಟಾರ್ಟರ್ ಬಂದಿದೆ. ಹಾಲಿನಲ್ಲಿದ್ದವರೆಲ್ಲ ಒಮ್ಮೆಲೇ ಫೋನು ತೆಗೆದರು. ತಲೆ ತಗ್ಗಿಸಿ ಒತ್ತತೊಡಗಿದರು.

ತಜ್ಞರ ಮುಖ ಅರಳಿತು. “ನೋಡಿ, ಎಷ್ಟು ಶ್ರದ್ಧೆಯಿಂದ ಬರೆದುಕೊಳ್ತಿದ್ದಾರೆ! ಬೇರೆ ಊರಲ್ಲಿ ನಾನು ಇದನ್ನ ಕಂಡಿಲ್ಲ” ಎಂದರು.

ಅಷ್ಟರಲ್ಲಿ ನಾಲ್ಕಾರು ಹಿರಿಯರು ಎದ್ದು, ಚಪ್ಪಲಿ ಮೆಟ್ಟಿ, ಹೊರಗೆ ಹೋಗಿ ಬೈಕು ಒದ್ದರು.

“ಅವರು ಯಾಕೆ ಹೋಗ್ತಿದ್ದಾರೆ?”

ತಜ್ಞರು ನನ್ನನ್ನೇ ಕೇಳಿದರು. ಪಕ್ಕದಲ್ಲಿ ಕೂತಿದ್ದ ನಮ್ಮ ಉಪಾಧ್ಯಕ್ಷರು ಅಜ್ಜಂಪುರದವರು, ಸುಳ್ಳು ಬಾರದ ಮನುಷ್ಯ. “ಅವ್ರದ್ದೆಲ್ಲ ಹಳೇ ಸ್ಟಾರ್ಟರು ಸಾರ್. ಹೋಗೇ ಒತ್ಬೇಕು” ಎಂದುಬಿಟ್ಟರು. ಆಮೇಲೆ ಎಲ್ಲವನ್ನೂ ಬಿಡಿಸಿ ಹೇಳಿದರು.

ತಜ್ಞರು ಮೈಕನ್ನು ಕೆಳಗಿಟ್ಟರು. ನೀರು ಕುಡಿದರು. “ಒಂದು ನಿಮಿಷ” ಎಂದು ಹೇಳಿ ವೇದಿಕೆಯ ಹಿಂದಕ್ಕೆ ಹೋದರು. ಬೇಸರ ಮಾಡಿಕೊಂಡರೆಂದು ನಾನು ಸಮಾಧಾನ ಮಾಡಲು ಹಿಂದೆಯೇ ಹೋದೆ. ಅವರು ಗೋಡೆಯ ಕಡೆ ಮುಖ ಮಾಡಿ, ಫೋನಿನ ಮೇಲೆ ಕೈ ಅಡ್ಡ ಇಟ್ಟು ಮಾತಾಡುತ್ತಿದ್ದರು.

“ಲೇ, ಈ ಕಡೆ ತ್ರೀ ಫೇಸ್ ಬಂದಿದ್ಯಂತೆ ಕಣೇ. ನಮ್ದೂ ಬಂದಿರ್ಬೇಕು. ಓಡು, ಮೋಟ್ರು ಹಾಕು.”

ಪ್ರಶ್ನೋತ್ತರ

ನಡುವಿನ ಸಭೆಗಳೂ ಹೀಗೇ ಕಳೆದು ವರ್ಷ ಮುಗಿಯುತ್ತ ಬಂದಿತ್ತು. ಖಜಾಂಚಿಗಳು ಎದುರು ಸಿಕ್ಕಾಗಲೆಲ್ಲ “ಇನ್ನೆಷ್ಟು ತಿಂಗ್ಳಯ್ಯಾ?” ಎಂದು ನಗುತ್ತಿದ್ದರು.

ನಾನು ವಯಸ್ಸಾದ ಅತಿಥಿಗಳನ್ನು ಬಿಟ್ಟು ದಾವಣಗೆರೆಯ ಒಬ್ಬ ಯುವ ಇಂಜಿನಿಯರನ್ನು ಕರೆದೆ. ಸೋಲಾರ್ ಪಂಪಿನ ಬಗ್ಗೆ ಮಾತು. ಅದಕ್ಕೆ ತ್ರೀ ಫೇಸ್ ಬೇಕಿಲ್ಲ ಎಂಬುದೇ ನನ್ನ ಲೆಕ್ಕ. ಸಭೆ ಅಜ್ಜಂಪುರದಲ್ಲಿ, ಉಪಾಧ್ಯಕ್ಷರ ಮನೆಯ ಮಹಡಿಯ ಮೇಲೆ. ಅತಿಥಿಯನ್ನು ಪರಿಚಯಿಸುವುದೂ ಅವರೇ. ಅವರಿಗೆ ಮದುವೆಗೆ ಬಂದ ಮಗಳಿದ್ದಾಳೆ ಎಂಬುದು ನನ್ನ ಲೆಕ್ಕದಲ್ಲಿರಲಿಲ್ಲ.

ನಾನು ಬರೆದುಕೊಟ್ಟ ಪರಿಚಯವನ್ನು ಅವರು ಮಡಚಿ ಜೇಬಿಗಿಟ್ಟುಕೊಂಡರು. ಅತಿಥಿಯ ಕಡೆ ತಿರುಗಿ ಮೈಕಿನಲ್ಲೇ ಕೇಳಿದರು. “ಸ್ವಂತ ಊರು ಯಾವ್ದಪ್ಪಾ?”

“ಹೊಸದುರ್ಗದ ಹತ್ರ ಸಾರ್.”

“ಹೊಸದುರ್ಗದ ಹತ್ರ ಅಂದ್ರೆ ಯಾರ ಪೈಕಿ?”

ಹುಡುಗ ಹೇಳಿದ.

“ಓಹೋ! ಹಂಗಾದ್ರೆ ನಮ್ಮ ಅತ್ತಿಗೆ ತೌರುಮನೇರಿಗೆ ನೀವು ಬೇಕಾದೋರೇ. ಯಾವ ಮಠದ ಶಿಷ್ಯರು?”

ಅದನ್ನೂ ಹೇಳಿದ. ಸಭೆಯಲ್ಲಿ ಒಂದು ಸಂತೃಪ್ತಿಯ ಗುಜುಗುಜು ಎದ್ದಿತು. ನಾನು ಎದ್ದು, “ಪ್ರಶ್ನೋತ್ತರ ಭಾಷಣ ಆದ ಮೇಲೆ” ಎಂದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ವರ್ಷವಿಡೀ ಬಾಯಿ ಬಿಡದವರೆಲ್ಲ ಕೈ ಎತ್ತಿದ್ದರು.

“ಅಕ್ಕತಂಗೀರು ಎಷ್ಟು ಜನ?”

“ಇರೋದು ಸ್ವಂತ ಮನೇನೋ, ಬಾಡಿಗೇನೋ?”

“ಕೆಲ್ಸ ಕಾಯಂ ಆಗೈತಾ?”

ಹುಡುಗ ಪರದೆಯ ಮೇಲಿದ್ದ ಸೋಲಾರ್ ಪ್ಯಾನೆಲ್ಲಿನ ಚಿತ್ರವನ್ನು ಆಸೆಯಿಂದ ನೋಡುತ್ತ ಒಂದೊಂದಕ್ಕೂ ಉತ್ತರ ಕೊಟ್ಟ. ಅಷ್ಟರಲ್ಲಿ ಮಗಳು ಮಜ್ಜಿಗೆ ತಂದುಕೊಟ್ಟು ಹೋದಳು. ಅದಾದ ಮೇಲೆ ಅವನು ಪರದೆಯನ್ನೂ ನೋಡಲಿಲ್ಲ.

ಪರದೆಯ ಮೇಲೆ ‘ದೀರ್ಘ ಬಾಳಿಕೆ, ಕಡಿಮೆ ಖರ್ಚು’ ಎಂದು ಬರೆದಿತ್ತು. ಉಪಾಧ್ಯಕ್ಷರು ಅದನ್ನು ಓದಿ, “ಇದು ನಿಜಾನಾ?” ಎಂದು ಕೇಳಿದರು.

“ಪ್ಯಾನೆಲ್ದಾ ಸಾರ್?”

“ಇರ್ಲಿ ಬಿಡಿ, ಊಟಕ್ಕೇಳಿ” ಎಂದರು ಉಪಾಧ್ಯಕ್ಷರು.

ಇಷ್ಟು ಪ್ರಶ್ನೆ ಬಂದವಲ್ಲ ಎಂದು ನಾನು ಅಧ್ಯಕ್ಷರ ಮುಖ ನೋಡಿದೆ. “ಪ್ರಶ್ನೆ ವಿಷಯದ ಮೇಲಿರ್ಬೇಕು ಕಣಯ್ಯ” ಎಂದರು.

ಎರಡು ತಿಂಗಳಲ್ಲಿ ಮದುವೆ ಆಯಿತು. ಓಲಗದ ನಡುವೆಯೇ ನಾನು ಮದುಮಗನ ಹತ್ತಿರ ಹೋಗಿ ಆ ಭಾಷಣ ಇನ್ನೊಮ್ಮೆ ಕೊಡುತ್ತೀರಾ ಎಂದು ಕೇಳಿದೆ. ಅವನು ಬಾಸಿಂಗ ಸರಿಮಾಡಿಕೊಂಡು ಸುತ್ತ ನೋಡಿದ.

“ಹೆಂಗ್ ಸಾರ್ ಕೊಡ್ಲಿ? ಅಳಿಯ ಆದೋನು ಮಾವನ ಎದುರಿಗೆ ಭಾಷಣ ಬಿಗಿದ್ರೆ ಚೆನ್ನಾಗಿರುತ್ತಾ?”

ಬಿರುಕು

ವಾರ್ಷಿಕ ಸಭೆ ಸರದಿ ಬಿಟ್ಟು ತರೀಕೆರೆಯಲ್ಲಿ ಬಿತ್ತು. ಮೊದಲು ಭಾಷಣ, ಆಮೇಲೆ ಕೈ ಎತ್ತುವುದು, ಆಮೇಲೆ ಊಟ. ಇದೇ ನನ್ನ ಕೊನೆಯ ಅವಕಾಶ.

ಖಜಾಂಚಿಗಳು ಹೊಸದಾಗಿ ಒಂದು ಹಾಲ್ ಕಟ್ಟಿಸಿದ್ದರು, ಮದುವೆ ಮುಂಜಿಗೆ ಬಾಡಿಗೆಗೆ ಕೊಡಲು. ಗೃಹಪ್ರವೇಶದ ತೋರಣ ಇನ್ನೂ ಒಣಗಿರಲಿಲ್ಲ. “ಭಾಷಣಕ್ಕೆ ನನ್ ಹಾಲಲ್ಲೇ ಮಂಗಳ ಹಾಡಾಣ” ಎಂದು ತಾವಾಗಿಯೇ ಬಿಟ್ಟುಕೊಟ್ಟರು. ಬಣ್ಣ, ಸೀಲಿಂಗು, ಗೊಂಚಲ ದೀಪ ಎಲ್ಲ ಭರ್ಜರಿಯಾಗಿತ್ತು.

ಅತಿಥಿ ಶಿವಮೊಗ್ಗದ ಕಡೆಯ ಒಂದು ಇಂಜಿನಿಯರಿಂಗ್ ಕಾಲೇಜಿನ ಮೇಡಂ. ವಿಷಯ ‘ಕಟ್ಟಡದಲ್ಲಿ ಬಿರುಕು’. ಅವರು ಲ್ಯಾಪ್‌ಟಾಪ್ ತೆರೆದರು. ನಾನು ಪ್ರೊಜೆಕ್ಟರಿನ ವೈರು ಚುಚ್ಚಿದೆ. ಹಿಡಿಯಲಿಲ್ಲ. ತೆಗೆದು ಚುಚ್ಚಿದೆ. ತಿರುಗಿಸಿ ಚುಚ್ಚಿದೆ. ಪರದೆ ನೀಲಿಯಾಗಿ ಹಾಗೇ ನಿಂತಿತು. ಹಿಂದಿನ ಸಾಲಿನಲ್ಲಿ ಕುರ್ಚಿ ಸರಿಯುವ ಸದ್ದು ಶುರುವಾಯಿತು. ಖಜಾಂಚಿಗಳು ಅಡುಗೆಮನೆಯ ಕಡೆ ನೋಡಿ ಗಂಟಲು ಸರಿಮಾಡಿಕೊಂಡರು. ನಾನು ಮತ್ತೊಮ್ಮೆ ಚುಚ್ಚಿದೆ.

“ಬಿಡಿ, ಚಿತ್ರ ಯಾಕೆ?” ಎಂದರು ಮೇಡಂ. “ಇಲ್ಲೇ ಇದೆಯಲ್ಲ.”

ಪೆನ್ನಿನ ತುದಿಯಿಂದ ಖಜಾಂಚಿಗಳ ತಲೆಯ ಮೇಲಿನ ಗೋಡೆ ತೋರಿಸಿದರು. “ಕಿಟಕಿಯ ಮೂಲೆಯಿಂದ ಓರೆಯಾಗಿ ಮೇಲೆ ಹೋಗಿದೆ ನೋಡಿ. ಕಿಟಕಿ ಮೇಲಿನ ಲಿಂಟಲ್ ಗೋಡೆಯೊಳಗೆ ಸಾಕಷ್ಟು ಕೂತಿಲ್ಲ ಅನಿಸುತ್ತೆ.”

ಎಲ್ಲ ತಲೆಗಳೂ ತಿರುಗಿದವು. ಕುರ್ಚಿಯ ಸದ್ದು ನಿಂತಿತು. ನಮ್ಮ ಕ್ಲಬ್ಬಿನಲ್ಲಿ ಅಂಥ ನಿಶ್ಶಬ್ದವನ್ನು ನಾನು ಅದೇ ಮೊದಲು ಕೇಳಿದ್ದು.

ಕಡೂರಿನ ಗುತ್ತಿಗೆದಾರರೊಬ್ಬರು ಎದ್ದರು. ಖಜಾಂಚಿಗಳಿಗೂ ಅವರಿಗೂ ಟೆಂಡರಿನ ಹಳೇ ಪೈಪೋಟಿ. “ಮೇಡಂ, ಆ ಕಂಬದ ಪಕ್ಕದಲ್ಲಿ ಉದ್ದಕ್ಕೆ ಒಂದು ಐತಲ್ಲ, ಅದ್ಯಾಕ್ ಬಂತು?”

ವಿಷಯದ ಮೇಲೆ ಬಂದ ಮೊದಲ ಪ್ರಶ್ನೆ. ನಾನು ಅಧ್ಯಕ್ಷರ ಕಡೆ ನೋಡಿದೆ. ಅವರು ತಲೆಯಾಡಿಸಿದರು.

“ಕಂಬವೂ ಇಟ್ಟಿಗೆ ಗೋಡೆಯೂ ಸೇರುವ ಜಾಗ ಅದು. ಗಾರೆ ಮಾಡುವಾಗ ಅಲ್ಲಿ ಜಾಲರಿ ಹಾಕಬೇಕಿತ್ತು.”

“ಇದು ಮೇಡಂ? ಜೇಡರ ಬಲೆ ಥರ ಇರೋದು?”

“ಗಾರೆಗೆ ಸರಿಯಾಗಿ ನೀರು ಹಾಕಿಲ್ಲ.”

“ನೀರು ಹಾಕ್ಸಿಲ್ವಂತೆ ಕಣ್ರೀ!” ಎಂದು ಕಡೂರಿನವರು ಇಡೀ ಸಭೆಗೆ ಸಾರಿದರು.

ಖಜಾಂಚಿಗಳು ಎದ್ದರು. “ಏನ್ರೀ ಮಾತಾಡ್ತೀರಿ? ಕ್ಯೂಬ್ ಟೆಸ್ಟ್ ಮಾಡ್ಸೀನಿ ನಾನು! ಇವ್ನ ಲ್ಯಾಬಲ್ಲೇ! ಕೇಳಿ, ಪಾಸಾಗಿತ್ತೋ ಇಲ್ವೋ?”

ಎಲ್ಲರೂ ನನ್ನ ಕಡೆ ನೋಡಿದರು.

“ಕ್ಯೂಬ್ ಪಾಸಾಗಿತ್ತು ಸಾರ್” ಎಂದೆ. “ಕ್ಯೂಬನ್ನ ನೀರಲ್ಲಿ ಇಟ್ಟಿದ್ರಿ.”

ಆಮೇಲೆ ಪ್ರಶ್ನೆಗಳಿಗೆ ತಡೆಯೇ ಇರಲಿಲ್ಲ. ಮೇಡಂ ಮೇಲಿನ ತೊಲೆಯನ್ನು ತೋರಿಸಿದರು. ಅದರ ಕೆಳಗಿದ್ದವರು ಕುರ್ಚಿ ಎತ್ತಿಕೊಂಡು ಗೋಡೆಯ ಬದಿಗೆ ಹೋದರು. ಗೋಡೆಯನ್ನು ತೋರಿಸಿದರು. ಗೋಡೆಯ ಬದಿಯವರು ನಡುವಿಗೆ ಬಂದರು. “ಇವೆಲ್ಲ ಸಣ್ಣ ಬಿರುಕು, ಕಟ್ಟಡಕ್ಕೆ ಅಪಾಯ ಇಲ್ಲ” ಎಂದು ಮೇಡಂ ಹೇಳುತ್ತಲೇ ಇದ್ದರು. ಆ ಒಂದು ಮಾತನ್ನು ಬಿಟ್ಟು ಉಳಿದದ್ದನ್ನೆಲ್ಲ ಜನ ಕೇಳಿಸಿಕೊಂಡರು. ಕೊನೆಗೆ ಇಡೀ ಕ್ಲಬ್ಬು ಕುರ್ಚಿಗಳ ಸಮೇತ ಬಾಗಿಲ ಹತ್ತಿರ ಗುಂಪಾಗಿತ್ತು.

“ಊಟ ಆರ್ತಿದೆ! ಊಟ ಆರ್ತಿದೆ!” ಎಂದು ಖಜಾಂಚಿಗಳು ಕೂಗಿದರು.

ಅಡುಗೆಮನೆಯಿಂದ ಅಯ್ನೋರು ಬಂದರು. ಎಲೆ ಹಾಕಲು ಬಂದರೆಂದು ನಾನು ಅಡ್ಡ ಓಡಿದೆ. ಅವರು ಸೌಟು ಕೆಳಗಿಟ್ಟು ಮೇಡಂಗೆ ಕೈ ಮುಗಿದರು. “ತಾಯಿ, ಒಲೆ ಹಿಂದೇನೂ ಒಂದೈತೆ. ಬೆಳಗ್ಗಿಂದ ನೋಡ್ತಾವ್ನಿ. ಅದು ಯಾವ ಜಾತೀದು ಅಂತ ಹೇಳ್ಬೇಕು.”

ಇಡೀ ಸಭೆ ಮೇಡಂ ಹಿಂದೆ ಅಡುಗೆಮನೆಗೆ ನುಗ್ಗಿತು. ಸಾರಿನ ಕೊಳದಪ್ಪಲೆಯ ಸುತ್ತ ನಿಂತು ಜನ ಗೋಡೆ ನೋಡಿದರು. ಸಾರನ್ನು ಯಾರೂ ನೋಡಲಿಲ್ಲ. ಅಲ್ಲಿಂದ ಹಿತ್ತಲಿಗೆ, ಹಿತ್ತಲಿಂದ ಕಾಂಪೌಂಡಿಗೆ. ಭಾಷಣ ಪೂರ್ತಿಯಾಗಿ, ಮೊದಲಿಂದ ಕೊನೆಯವರೆಗೆ, ಹಾಲಿಗೆ ಒಂದು ಸುತ್ತು ಬಂದು ಮುಗಿಯಿತು. ಚಪ್ಪಾಳೆ ನಿಲ್ಲಲು ಹೊತ್ತಾಯಿತು.

ಅಂಗಳದಲ್ಲೇ ಕೈ ಎತ್ತಿಸಿದರು. ಒಳಗೆ ಹೋಗಲು ಯಾರೂ ಒಪ್ಪಲಿಲ್ಲ.

“ಭಾಷಣ ಬೇಕು ಅನ್ನೋರು ಕೈ ಎತ್ತಿ” ಎಂದರು ಅಧ್ಯಕ್ಷರು. ಕೈಗಳ ಕಾಡೇ ಎದ್ದಿತು. ಖಜಾಂಚಿಗಳೊಬ್ಬರು ಮಾತ್ರ ಕೈ ಕಟ್ಟಿಕೊಂಡು ನಿಂತಿದ್ದರು. ನನಗೆ ಒಂದು ವರ್ಷದ ಭಾರ ಇಳಿದಂತಾಯಿತು.

“ಕೈ ಹಂಗೇ ಇರ್ಲಿ” ಎಂದರು ಅಧ್ಯಕ್ಷರು, ಖುಷಿಯಲ್ಲಿ. “ಮೇಡಂ ಮುಂದಿನ ತಿಂಗಳೂ ಬರ್ತೀನಿ ಅಂದವ್ರೆ. ವಿಷಯ ಇದೇ. ಮುಂದಿನ ಸಭೆ ಕಡೂರಲ್ಲಿ. ಯಾರು ಕಟ್ಟಿದ ಬಿಲ್ಡಿಂಗಲ್ಲಿ ಇಟ್ಕಳಾಣ?”

ಎತ್ತಿದ್ದ ಕೈಗಳೆಲ್ಲ ಒಟ್ಟಿಗೆ ಕೆಳಗಿಳಿದವು. ಎಲ್ಲರಿಗಿಂತ ಮೊದಲು ಇಳಿದದ್ದು ಕಡೂರಿನ ಗುತ್ತಿಗೆದಾರರದು. ಖಜಾಂಚಿಗಳು ಆ ದಿನ ಮೊದಲ ಸಲ ನಕ್ಕರು.

ತುಂಬ ಹೊತ್ತು ಚರ್ಚೆ ನಡೆಯಿತು. ಒಬ್ಬರು ಮಳೆಗಾಲ ಕಳೆಯಲಿ ಎಂದರು, ಒಬ್ಬರು ಬಣ್ಣ ಹೊಡೆಸುವುದಿದೆ ಎಂದರು. ಕೊನೆಗೆ ಸರ್ವಾನುಮತದ ನಿರ್ಣಯವಾಯಿತು. ಮುಂದಿನ ಸಭೆ ಕಡೂರಿನಲ್ಲಿ, ಹೊಂಗೆ ಮರದ ಕೆಳಗೆ. ಮರ ನಮ್ಮಲ್ಲಿ ಯಾರೂ ಕಟ್ಟಿದ್ದಲ್ಲ.